ನಾಲ್ಕು ತಾಲ್ಲೂಕು, ಎರಡು ಕಟ್ಟು ವೀಳ್ಯದೆಲೆ

ಹೊಳವನಹಳ್ಳಿಯಿಂದ ಬೆಳಗಿನ ಆರಕ್ಕೆ ಹೊರಟೆ. ಹೆಗಲಲ್ಲಿ ಖಾದಿ ಚೀಲ. ಅದರಲ್ಲಿ ಒಂದು ಜೊತೆ ಬಟ್ಟೆ, ಅವ್ವ ಕಟ್ಟಿಕೊಟ್ಟ ರಾಗಿರೊಟ್ಟಿ, ಹುಚ್ಚೆಳ್ಳು ಚಟ್ನಿಪುಡಿ ಮತ್ತು ನಾಲ್ಕು ತಾಲ್ಲೂಕಿನ ಮತದಾರರ ಪಟ್ಟಿ. ನಮ್ಮೂರಿನ ಹಾಳೆಗಳನ್ನು ಮಾತ್ರ ಗೂಡಿನಲ್ಲೇ ಬಿಟ್ಟಿದ್ದೆ. ಎಲ್ಲ ಗೊತ್ತಿದ್ದ ಮುಖಗಳೇ, ಆ ಭಾರವನ್ನೇಕೆ ಹೊರಲಿ ಎಂದುಕೊಂಡಿದ್ದೆ. ಅವ್ವ ಬಾಗಿಲಲ್ಲಿ ನಿಂತು, "ನಾಕು ತಾಲೂಕು ಸುತ್ತಿ ಯಾರ್ಯಾರ್ನೋ ಕೇಳ್ಕೊಂಡು ಬತ್ತೀಯ, ಅಲ್ವೇನ್ಲಾ ಸಿದ್ದ?" ಎಂದಳು. ಹರಸಿದಳೆಂದೇ ತಿಳಿದು ಹೆಜ್ಜೆ ಹಾಕಿದೆ.

ನಮ್ಮ ಪಕ್ಷದಿಂದ ಮೈಸೂರು ಸಂಸ್ಥಾನದ ಪ್ರತಿನಿಧಿಗಳ ಸಭೆಗೆ ಮರುಳಪ್ಪ ಮೇಷ್ಟ್ರು ನಿಂತಿದ್ದರು. ಮೂರು ತಿಂಗಳು ಅವರ ಬೆನ್ನು ಬಿದ್ದು ಸ್ಕೂಲಿನ ಕೆಲಸಕ್ಕೆ ರಾಜೀನಾಮೆ ಕೊಡಿಸಿದವನು ನಾನೇ. ಗೆಲ್ಲದಿದ್ದರೆ ಅವರಿಗೆ ಸಭೆಯೂ ಇಲ್ಲ, ಸ್ಕೂಲೂ ಇಲ್ಲ. ಮೇಷ್ಟ್ರ ಹೆಂಡತಿ ದಾರಿಯಲ್ಲಿ ಎದುರಾದರೆ ನಾನು ಬೇರೆ ಬೀದಿ ಹಿಡಿಯುತ್ತಿದ್ದೆ. ಆಗ ಎಲ್ಲರಿಗೂ ಓಟಿರಲಿಲ್ಲ. ಸರ್ಕಾರ ಗೊತ್ತುಮಾಡಿದಷ್ಟು ಕಂದಾಯ ಕಟ್ಟುವವರಿಗೆ, ಗಂಡಸಾಗಲಿ ಹೆಂಗಸಾಗಲಿ, ಓಟಿತ್ತು. ಓಟಿದ್ದವರೂ ಆ ದಿನ ಹೊಲ ಬಿಟ್ಟು ಬರುತ್ತಿರಲಿಲ್ಲ. ಅವರನ್ನು ಒಪ್ಪಿಸಿ, ಪಕ್ಷಕ್ಕೆ ಸದಸ್ಯರನ್ನಾಗಿ ಮಾಡಿಕೊಂಡು ಬರುವುದು ನನ್ನ ಪ್ರವಾಸದ ಉದ್ದೇಶ.

ಕೊರಟಗೆರೆಗೆ ನಡೆದೇ ಹೋದೆ. ಅಲ್ಲಿಂದ ಮಧುಗಿರಿಗೆ ಬಸ್ಸು, ನಾಲ್ಕಾಣೆ. ಯುದ್ಧದ ಕಾಲವಾದ್ದರಿಂದ ಪೆಟ್ರೋಲಿಲ್ಲ. ಇದ್ದಿಲ ಒಲೆಯನ್ನು ಬೆನ್ನಿಗೆ ಕಟ್ಟಿಕೊಂಡ ಬಸ್ಸು ಅದು. ಏರು ಬಂದಾಗಲೆಲ್ಲ ಕಂಡಕ್ಟರು ಎಲ್ಲರನ್ನೂ ಇಳಿಸಿ, ತಾನು ಕಂಬಿ ಹಿಡಿದು ಒಲೆ ಕೆದಕುತ್ತಿದ್ದ. ಒಂದು ಏರಿನಲ್ಲಿ ನಾವೆಲ್ಲ ಮೇಲೆ ತಲುಪಿ, ಬೀಡಿ ಸೇದುವವರು ಸೇದಿ, ನಾನು ಒಂದು ಭಾಷಣ ಮುಗಿಸಿದ ಮೇಲೆ ಬಸ್ಸು ಬಂದಿತು. ಮಧುಗಿರಿಯ ಬೆಟ್ಟ ಹಗಲೆಲ್ಲ ಕುಡಿದ ಬಿಸಿಲನ್ನು ಸಂಜೆ ಪೇಟೆಯ ಮೇಲೆ ಬಿಡುತ್ತದೆ. ಆ ಸೆಕೆಯಲ್ಲಿ ಹತ್ತು ಮನೆ ಸುತ್ತಿದೆ. ಎಲ್ಲರೂ ಮಜ್ಜಿಗೆ ಕೊಟ್ಟರು, ಮಾತು ಕೊಡಲಿಲ್ಲ.

ಕಾರಣ ತಿಳಿದದ್ದು ಮರುದಿನ ದೊಡ್ಡೇರಿಯ ಅರಳಿಕಟ್ಟೆಯಲ್ಲಿ. ಪಟೇಲರು ಬಹಳ ಮರ್ಯಾದಸ್ಥರು. ಕಂಬಳಿ ಹಾಸಿ ಕೂರಿಸಿ ನನ್ನ ಮಾತನ್ನೆಲ್ಲ ಕೇಳಿದರು. ಆಮೇಲೆ, "ನೀವೇಳಾದೆಲ್ಲ ಸರಿ ಸ್ವಾಮಿ. ಆದ್ರೆ ನೆನ್ನೇನೇ ವೀಳ್ಯ ತಗಂಡ್ಬುಟ್ಟೆವಲ್ಲ!" ಎಂದರು.

ಚುನಾವಣೆಯಲ್ಲಿ ಮೇಷ್ಟ್ರ ಎದುರು ನಿಂತಿದ್ದವರು ದೊಡ್ಡ ಜಮೀನಿನ ಜೋಡಿದಾರರು. ಅವರ ವ್ಯವಹಾರ ನೋಡಿಕೊಳ್ಳುವ ಪಾರುಪತ್ತೇಗಾರ ಚನ್ನಿಗಪ್ಪ ಎಂಬಾತ ಎಲ್ಲಿಂದಲೋ ಪೆಟ್ರೋಲು ಹೊಂದಿಸಿ, ಕಾರಿನಲ್ಲಿ ಎಲೆಯಡಿಕೆ ತುಂಬಿಕೊಂಡು ನನಗಿಂತ ಒಂದು ದಿನ ಮುಂಚೆ ಊರೂರು ಸುತ್ತುತ್ತಿದ್ದ. ಕೈಗೆ ವೀಳ್ಯ ಬಂದರೆ ಮಾತು ಕೊಟ್ಟ ಹಾಗೆ. ಈ ಸೀಮೆಯಲ್ಲಿ ಹೆಣ್ಣು ಗೊತ್ತಾಗುವುದೂ ಹಾಗೆಯೇ, ಎತ್ತಿನ ವ್ಯಾಪಾರವೂ ಹಾಗೆಯೇ.

"ಆ ಎಲೆ ಜಗಿದು ಉಗುಳಿಯಾಯಿತಲ್ಲ, ಪಟೇಲರೇ?" ಎಂದೆ.

"ಎಲೆ ಉಗುಳ್ದ್ರೆ ಮಾತು ಉಗುಳ್ದಂಗಾಯ್ತದಾ?"

ವೀಳ್ಯಕ್ಕೂ ಓಟಿಗೂ ಸಂಬಂಧವಿಲ್ಲ, ಓಟು ಗುಟ್ಟಿನದು, ಹೆತ್ತ ತಾಯಿಗೂ ಹೇಳಬೇಕಾಗಿಲ್ಲ ಎಂದು ಗಂಟಲು ಹರಿದುಕೊಂಡೆ. ಪಟೇಲರು ನನ್ನನ್ನು ಕಳ್ಳತನ ಕಲಿಸಲು ಬಂದವನಂತೆ ನೋಡಿದರು. ಊಟಕ್ಕೆ ಮಾತ್ರ ಬಿಡಲಿಲ್ಲ. ಮುದ್ದೆ, ಅವರೆಕಾಳಿನ ಸಾರು ಬಹಳ ಚೆನ್ನಾಗಿತ್ತು.

ಮೂರನೆಯ ದಿನ ಪಾವಗಡದ ದಾರಿಯಲ್ಲಿ ಒಲೆ ಆರಿ ಬಸ್ಸು ನಿಂತಿತು. ಪಕ್ಕದಲ್ಲೊಂದು ಹಳ್ಳಿ. ಚನ್ನಿಗಪ್ಪ ಇಲ್ಲಿಗೆ ಬಂದೇ ಇಲ್ಲವೆಂದು ತಿಳಿದು ನನಗೆ ಕುಣಿಯುವಷ್ಟು ಸಂತೋಷವಾಯಿತು. ಬಾವಿಕಟ್ಟೆಯ ಮೇಲೆ ನಿಂತು ಒಂದು ಗಂಟೆ ಮಾತಾಡಿದೆ. ಜನ ತಲೆದೂಗಿದರು. ಮೂವರು ಪಕ್ಷದ ಸದಸ್ಯತ್ವಕ್ಕೆ ಹೆಬ್ಬೆಟ್ಟನ್ನೂ ಒತ್ತಿದರು. ಪಟ್ಟಿ ತೆಗೆದು ಹೆಸರು ಹುಡುಕುತ್ತೇನೆ, ಒಂದೂ ಇಲ್ಲ. ಆಗ ಮುದುಕರೊಬ್ಬರು ಮೆಲ್ಲಗೆ, "ಚಾಲಾ ಬಾಗಾ ಚೆಪ್ಪಿನಾರು ಸಾಮೀ, ಬಲು ಚೆಂದಾಗಿ ಹೇಳಿದ್ರಿ. ಆದ್ರೆ ನಮ್ದು ಮದ್ರಾಸು ಸೀಮೆ. ನಿಮ್ ಮೈಸೂರು ಅದೋ, ಆ ಹುಣಸೇಮರದತ್ರಾನೇ ಮುಗೀತು" ಎಂದರು.

"ಮೊದಲೇ ಹೇಳಬಾರದಿತ್ತೇ?"

"ಅಷ್ಟು ಚೆಂದಾಗಿ ಮಾತಾಡೋರ್ಗೆ ನಡುವೆ ಬಾಯಾಕಾದು ಮರ್ಯಾದೇನಾ?"

ಹೆಬ್ಬೆಟ್ಟಿನ ಕಾಗದವನ್ನು ಮಡಚಿ ಚೀಲಕ್ಕೆ ಹಾಕಿಕೊಂಡು, ಬಸ್ಸು ತಳ್ಳುವವರ ಜೊತೆ ಸೇರಿಕೊಂಡೆ.

ಪಾವಗಡದಲ್ಲಿ ಬಿಸಿಲು ನೆತ್ತಿ ಸುಡುತ್ತಿತ್ತು. ಅಲ್ಲಿಯೂ ಎಲ್ಲರ ತುಟಿ ಆಗಲೇ ಕೆಂಪಗಿತ್ತು. ಮೇಷ್ಟ್ರಿಗೆ ಏನು ಮುಖ ತೋರಿಸಲಿ ಎಂದು ಅಳುವೇ ಬಂದಂತಾಗಿ, ಪೇಟೆಯ ಕೊನೆಯಲ್ಲಿ ಒಂದು ಜಗಲಿಯ ಮೇಲೆ ಕುಸಿದು ನೀರು ಕೇಳಿದೆ. ಕಡಲೆಕಾಯಿ ಬಿಡಿಸುತ್ತಿದ್ದ ಒಬ್ಬ ಹೆಂಗಸು ಚೊಂಬು ತಂದುಕೊಟ್ಟಳು. ಹೆಸರು ಅಚ್ಚಮ್ಮ, ಐವತ್ತು ದಾಟಿದ ವಯಸ್ಸು. ತುಟಿ ಬೆಳ್ಳಗಿತ್ತು.

"ನಿಮ್ಮನೆಗೆ ಕಾರು ಬರಲಿಲ್ಲವೇನಮ್ಮ?" ಎಂದೆ.

"ಒಚ್ಚಿಂದಿ ನಾಯನಾ, ಬಂತು. ಈ ಪಕ್ಕದ್ಮನೆಗೆ ಕೊಟ್ರು, ಆ ಪಕ್ಕದ್ಮನೆಗೆ ಕೊಟ್ರು. ಗಂಡ ಸತ್ತೋಳ ಕೈಗೆ ಯಾರು ತಾಂಬೂಲ ಇಡ್ತಾರೆ? ಒಳ್ಳೇ ಕೆಲ್ಸಕ್ಕೆ ಹೊರಟೋರಲ್ವಾ ಅವ್ರು!"

ಪಟ್ಟಿ ಬಿಡಿಸಿದೆ. ಅಚ್ಚಮ್ಮನ ಹೆಸರಿತ್ತು, ಗಂಡ ಹೋದ ಮೇಲೆ ಹೊಲದ ಕಂದಾಯ ಕಟ್ಟುತ್ತಿದ್ದವಳು ಅವಳೇ. ಪಟ್ಟಿಯ ಮೇಲೆ ಬೆರಳಿಟ್ಟು ಒಂದೊಂದೇ ಹೆಸರು ನೋಡುತ್ತಾ ಕೆಳಗೆ ಬಂದೆ. ಗಂಡನಿಲ್ಲದ ಅಂಥ ಹೆಂಗಸರು ಇನ್ನೂ ಇದ್ದರು, ಪ್ರತಿ ತಾಲ್ಲೂಕಿನಲ್ಲೂ ಇದ್ದರು. ನಾಲ್ಕು ತಾಲ್ಲೂಕಿನಲ್ಲಿ ಯಾರಿಗೂ ಮಾತು ಕೊಡದೆ ಉಳಿದ ಓಟುಗಳು ಇವೇ. ದೊಡ್ಡೇರಿಯಲ್ಲಿ ವೀಳ್ಯಕ್ಕೂ ಓಟಿಗೂ ಸಂಬಂಧವಿಲ್ಲವೆಂದು ಕೂಗಾಡಿದ್ದ ನಾನೇ ಪಾವಗಡದ ಅಂಗಡಿಗೆ ಓಡಿ ಎರಡು ಕಟ್ಟು ಎಲೆ ಕೊಂಡುತಂದೆ.

ಅಚ್ಚಮ್ಮ ಕೈ ಹಿಂದಕ್ಕೆಳೆದುಕೊಂಡಳು. "ನಿನ್ ಕೆಲ್ಸ ಕೆಟ್ಟೋದ್ರೆ?"

"ಇನ್ನು ಕೆಡುವುದಕ್ಕೆ ಅದರಲ್ಲಿ ಏನೂ ಉಳಿದಿಲ್ಲಮ್ಮ."

ಆಗ ನಕ್ಕು, ಸೆರಗೊಡ್ಡಿ ತೆಗೆದುಕೊಂಡಳು. ಓಟಿಗೆ ಎಷ್ಟು ಹೊತ್ತಿಗೆ ಬರಬೇಕು, ಪಕ್ಷಕ್ಕೆ ಸೇರಿದರೆ ತಾನೂ ಕಟ್ಟೆಯ ಮೇಲೆ ನಿಂತು ಮಾತಾಡಬಹುದೇ ಎಂದು ಕೇಳಿದಳು. ಮಾತಾಡಬಹುದು ಎಂದೆ. ಅಂದು ಸಂಜೆಯೇ ಅವಳು ಅಂಥ ಇನ್ನೂ ನಾಲ್ವರನ್ನು ಜಗಲಿಗೆ ಕರೆತಂದು ಕೂರಿಸಿದಳು.

ಸಿರಾದಲ್ಲಿ ನಮ್ಮ ಪಕ್ಷದ ಕಂಬಳಿ ವ್ಯಾಪಾರಿ ಹುಸೇನ್ ಸಾಬರು ತಲೆಯ ಮೇಲೆ ಕೈಹೊತ್ತು ಕೂತಿದ್ದರು. "ಅರೇ ಸಿದ್ದಣ್ಣ, ಬಜಾರಿಗೆ ಬಜಾರೇ ಪಾನ್ ತಿಂದು ಕೂತೈತೆ!" ಎಂದರು. ನಾನು ವಿಷಯ ಹೇಳಿದೆ. ಸಾಬರು ಎದ್ದವರೇ ಗಾಡಿ ಕಟ್ಟಿಸಿದರು. ಬುಕ್ಕಾಪಟ್ಟಣದ ಕುರುಚಲು ಕಾಡಿನ ದಾರಿಯಲ್ಲಿ ಧೂಳು ಕುಡಿಯುತ್ತಾ ಎರಡು ದಿನ ಸುತ್ತಿದೆವು. ಒಬ್ಬ ಅಜ್ಜಿ ವೀಳ್ಯ ತೆಗೆದುಕೊಂಡ ಮೇಲೆ ಬುತ್ತಿ ಕಟ್ಟಿಕೊಂಡು ಗಾಡಿ ಹತ್ತಿಯೇಬಿಟ್ಟಳು. ಓಟಿಗೆ ಇನ್ನೂ ಹನ್ನೆರಡು ದಿನವಿದೆ ಎಂದು ಹೇಳಿ ಇಳಿಸಬೇಕಾದರೆ ಸಾಬರಿಗೆ ಸಾಕುಸಾಕಾಯಿತು. "ಅಷ್ಟು ದಿನ ಯಾಕ್ ಕಾಯ್ಬೇಕು? ಈಗ್ಲೇ ಆಕ್ಬುಟ್ಟು ಬತ್ತೀನಿ" ಎಂಬುದು ಅವಳ ವಾದ. ನಾನು ಕಂಡ ಮತದಾರರಲ್ಲೆಲ್ಲ ಅಷ್ಟು ಆತುರದವರು ಬೇರೆ ಯಾರೂ ಇಲ್ಲ.

ಆರನೆಯ ದಿನ ಮಧ್ಯಾಹ್ನ ಮನೆಗೆ ಬಂದೆ. ಕಾಲು ಬಾತುಕೊಂಡಿತ್ತು, ಮನಸ್ಸು ಮಾತ್ರ ಹಗುರವಾಗಿತ್ತು. ಊಟ ಮಾಡುತ್ತಾ ಅವ್ವನಿಗೆ ಎಲ್ಲವನ್ನೂ ಹೇಳಿದೆ: ದೊಡ್ಡೇರಿಯ ಪಟೇಲರು, ಮದ್ರಾಸಿನ ಹೆಬ್ಬೆಟ್ಟು, ಅಚ್ಚಮ್ಮ. ಅಚ್ಚಮ್ಮನ ವಿಷಯ ಬಂದಾಗ ನನ್ನ ಜಾಣತನವನ್ನು ಎರಡು ಸಲ ಹೇಳಿದೆ. ಅವ್ವ ಎದ್ದು ಹೋಗಿ ಗೂಡಿನಿಂದ ನಮ್ಮೂರಿನ ಹಾಳೆಗಳನ್ನು ತಂದು ನನ್ನ ತಟ್ಟೆಯ ಪಕ್ಕದಲ್ಲಿಟ್ಟಳು.

"ಶ್ಯಾನುಭೋಗ್ರ ಕೈಲಿ ಓದಿಸ್ದೆ ಕಣ್ಲಾ. ಮೇಲಿಂದ ಮೂರ್ನೇದು ನಂದೇ ಹೆಸ್ರಂತೆ."

ಅಪ್ಪ ಹೋಗಿ ಒಂಬತ್ತು ವರ್ಷ. ಕೆರೆ ಕೆಳಗಿನ ಗದ್ದೆಯ ಕಂದಾಯ ಕಟ್ಟುವುದು ಅವ್ವ. ಚನ್ನಿಗಪ್ಪನಾದರೂ ಪರವೂರಿನವನು, ನಾನು ಅವ್ವ ನಿಂತಿದ್ದ ಬಾಗಿಲನ್ನೇ ದಾಟಿ ಹೋಗಿದ್ದೆ. ನನಗೆ ಅಷ್ಟು ನಾಚಿಕೆ ಹಿಂದೆಂದೂ ಆಗಿರಲಿಲ್ಲ. ಕೈ ತೊಳೆದು ಚೀಲ ತಡಕಿದೆ. ಬಾಡಿದ ಎರಡು ಎಲೆ ಉಳಿದಿದ್ದವು. ಅಡಿಕೆಯಿಟ್ಟು, ಸುಣ್ಣ ಹಚ್ಚಿ ಅವಳ ಕೈಗೆ ಕೊಟ್ಟೆ.

ಅವ್ವ ಎಲೆಯನ್ನು ಮಡಚಿದಳು. "ನಿಮ್ಮಪ್ಪ ಹೋದ್ಮೇಲೆ ಯಾರೂ ಕೈಗಿಟ್ಟಿರ್ಲಿಲ್ಲ" ಎಂದು ಬಾಯಿಗೆ ಹಾಕಿಕೊಂಡಳು. ಕಣ್ಣೊರೆಸಿಕೊಂಡು, "ಸುಣ್ಣ ಜಾಸ್ತಿ ಆಯ್ತು" ಎಂದಳು.

"ಹಂಗಾದ್ರೆ ಓಟು ಮೇಷ್ಟ್ರಿಗೆ ತಾನೆ, ಅವ್ವ?"

"ವೀಳ್ಯಕ್ಕೂ ಓಟ್ಗೂ ಸಂಬಂಧ ಇಲ್ಲ, ಹೆತ್ತ ತಾಯ್ಗೂ ಹೇಳ್ಬೇಕಾಗಿಲ್ಲ ಅಂತ ದೊಡ್ಡೇರೀಲಿ ಕೂಗ್ಕಂಡೋನು ನೀನೇ ಅಲ್ವಾ? ಹೆತ್ತ ಮಗನ್ಗೆ ಯಾಕ್ ಹೇಳ್ಬೇಕು? ಓಟಿನ ದಿನ ಗಾಡಿ ಕಟ್ಸು, ಬತ್ತೀನಿ."

ಗಾಡಿ ಕಟ್ಟಿಸಿದೆ, ಬಂದಳು. ಮರುಳಪ್ಪ ಮೇಷ್ಟ್ರು ಹನ್ನೊಂದು ಓಟಿನಿಂದ ಗೆದ್ದರು. ಆ ಹನ್ನೊಂದರಲ್ಲಿ ನಿನ್ನದೂ ಒಂದಲ್ಲವೇ ಎಂದು ಈಗಲೂ ಆಗಾಗ ಕೇಳುತ್ತೇನೆ. ಅವ್ವ ಎಲೆಗೆ ಸುಣ್ಣ ಹಚ್ಚುತ್ತಾ ಕೂತಿರುತ್ತಾಳೆ.