ಬೆಳ್ಳಿಯ ಕಾಲಿನ ದಾರ

ಮೊನ್ನೆ ಮಗಳ ಕೂಸಿನ ಕಾಲಿಗೆ ಕಟ್ಟಲೆಂದು ಬೀಗತಿ ಕರಿ ದಾರ ತಂದಿದ್ದರು. ಕಪ್ಪು ನೂಲಿಗೆ ಒಂದೆಳೆ ಕೆಂಪು ಸೇರಿಸಿ ಹೊಸೆದ ದಾರ. "ನೀವ ಕಟ್ರಿ, ಅಜ್ಜಿ ಕೈಲೆ ಕಟ್ಟಿದ್ರ ಛಲೋ" ಎಂದು ನನ್ನ ಕೈಗೇ ಕೊಟ್ಟರು. ಕೂಸಿನ ಕಾಲು ಹಿಡಿದೆ, ಹಿಡಿದವಳು ಹಾಗೇ ಕುಳಿತುಬಿಟ್ಟೆ. ಮೂಗಿಗೆ ಹಸಿ ಅರಿಶಿಣದ ವಾಸನೆ ಬಡಿದ ಹಾಗಾಯಿತು, ಅದರ ಅಡಿಗೆ ಇನ್ನೊಂದು ಕೊಳೆತ ವಾಸನೆ... ಮನೆಯಲ್ಲಿ ಅಂಥದ್ದೇನೂ ಇರಲಿಲ್ಲ. ಅದು ಇಪ್ಪತ್ತೈದು ವರ್ಷದ ಹಿಂದಿನದು, ಶಹಾಪುರದ ನಮ್ಮ ಮನೆಯ ಜೋಳದ ಚೀಲಗಳ ಸಂದಿಯದು.

ಆಗ ನಮ್ಮ ಗೋಡೆಗೆ ಗೋಡೆ ಹಚ್ಚಿ ಒಬ್ಬ ಚಾಚಾ ಇದ್ದರು. ಎತ್ತಿನ ಗೊರಸಿಗೆ ಕಬ್ಬಿಣದ ನಾಲ ಬಡಿಯುವುದು ಅವರ ಕಸುಬು. ಬಯಲಿನ ಬೇವಿನ ಗಿಡದಡಿ ಎತ್ತಿನ ಕಾಲಿಗೆ ಹಗ್ಗ ಸುತ್ತಿ, ಒಂದು ಜಗ್ಗು ಜಗ್ಗಿದರೆ ಅಂಥ ದೊಡ್ಡ ಎತ್ತು ದೊಪ್ಪನೆ ಮಗ್ಗುಲಿಗೆ ಬೀಳುತ್ತಿತ್ತು. ಆಮೇಲೆ ಬಾಗಿದ ಬಾಕಿನಿಂದ ಗೊರಸು ಕೆತ್ತಿ, ಮೊಳೆ ಬಡಿಯುತ್ತಿದ್ದರು. ಮೈತುಂಬ ಬೇವಿನೆಣ್ಣೆ, ಬೀಡಿ, ಸಗಣಿ ಎಲ್ಲ ಕೂಡಿದ ವಾಸನೆ. ಮಾತು ಕಡಿಮೆ. ನಾನು ಮಾತಿನ ಮಲ್ಲಿ, ಅವರ ಪಾಲಿನದನ್ನೂ ನಾನೇ ಆಡುತ್ತಿದ್ದೆ. ಗೋಡೆ ಮೇಲಿಂದ ನಾನು ಹರಟಿದ್ದಕ್ಕೆಲ್ಲ ಅವರು "ಹೂಂ ಬೇಟಿ" ಅನ್ನುತ್ತಿದ್ದರು. ಆ ಓಣಿಯಲ್ಲಿ ನನ್ನ ಮಾತು ಪೂರ್ತಿ ಕೇಳಿಸಿಕೊಂಡವರು ಅವರೊಬ್ಬರೇ.

ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಮಕ್ಕಳಾಗಿರಲಿಲ್ಲ. ಗಂಡ ನಾರಾಯಣಪುರದ ಡ್ಯಾಮಿನ ಕೆಲಸದಲ್ಲಿದ್ದರು, ಬರುವುದು ರವಿವಾರಕ್ಕೊಮ್ಮೆ. ಮನೆಯಲ್ಲಿ ನಾನು, ಅತ್ತೆ. ಅತ್ತೆ ಕೆಟ್ಟವರೇನಲ್ಲ, ಆದರೆ ಬಾಯಿ ಮಾತ್ರ ಮೆಣಸಿನಕಾಯಿ. ಒಂದು ಗುರುವಾರ ಊರ ಹೊರಗಿನ ದರ್ಗಾಕ್ಕೆ ಹೋಗಿ ಓದಿಸಿ ತಂದ ದಾರವನ್ನು ನನ್ನ ರಟ್ಟೆಗೆ ಕಟ್ಟಿದರು. ಕಪ್ಪು ನೂಲು, ಒಂದೆಳೆ ಕೆಂಪು. "ಬಸರಾಗೂತನ ಬಿಚ್ಚಬ್ಯಾಡ" ಅಂದರು. ನೀರು ತರಲು ಹೋದಾಗಲೆಲ್ಲ ಹೆಂಗಸರ ಕಣ್ಣು ಮೊದಲು ಆ ರಟ್ಟೆಯ ಮೇಲೆ ಬೀಳುತ್ತಿತ್ತು, ಆಮೇಲೆ ಹೊಟ್ಟೆಯ ಮೇಲೆ. ಸಿಟ್ಟಿನಿಂದ ಮೈಯೆಲ್ಲ ಉರಿಯುತ್ತಿತ್ತು.

ಆ ದಿನಗಳಲ್ಲೇ ಒಂದು ಬಿಳಿ ಬೆಕ್ಕಿನ ಮರಿ ನಮ್ಮ ಮನೆ ಸೇರಿತು. ಬೆಳ್ಳಿ ಅಂತ ಕರೆದೆ. ಮೈಮೇಲೆ ಉದ್ದುದ್ದ ಕೂದಲು, ಹತ್ತಿ ಅರಳಿದಂತೆ. ನೋಡಿದವರೆಲ್ಲ "ಏಟ್ ಛಂದ ಅದ!" ಅನ್ನುವವರೇ. ಒಮ್ಮೆ ಅದು ಎರಡು ದಿನ ಹಾಲು ಮುಟ್ಟಲಿಲ್ಲ. ದೃಷ್ಟಿ ತಾಕಿದೆ ಅಂದುಕೊಂಡೆ. ಒಳಗೆ ಹೋಗಿ ಕದ ಹಾಕಿಕೊಂಡು, ನನ್ನ ರಟ್ಟೆಯ ದಾರ ಬಿಚ್ಚಿ, ಮರಿಯ ಮುಂಗಾಲಿಗೆ ಎರಡು ಸುತ್ತು ಸುತ್ತಿ ಗಂಟು ಹಾಕಿದೆ. ಉಳಿದದ್ದನ್ನು ಕತ್ತರಿಸಿ ಒಲೆಗೆಸೆದೆ. ಸಿಟ್ಟಿಗೆ ಮಾಡಿದೆನೋ ಪ್ರೀತಿಗೆ ಮಾಡಿದೆನೋ, ಎರಡೂ ಇತ್ತು. ಅತ್ತೆಗೆ "ಜಳಕ ಮಾಡುವಾಗ ಜಾರಿ ಬಿತ್ತು" ಎಂದು ಸುಳ್ಳು ಹೇಳಿದೆ. ಅವರು ಮೂರು ದಿನ ಮಾತು ಬಿಟ್ಟರು. ವಾರದೊಳಗೆ ದಾರ ಕೂದಲಲ್ಲಿ ಮುಚ್ಚಿಹೋಯಿತು. ಕಳಚಿ ಬಿದ್ದಿರಬೇಕು ಅಂದುಕೊಂಡು ನಾನೂ ಮರೆತೆ. ಮರಿ ಬೆಳೆಯುತ್ತದೆ, ದಾರ ಬೆಳೆಯುವುದಿಲ್ಲ ಅನ್ನುವಷ್ಟು ಬುದ್ಧಿಯೂ ನನಗಿರಲಿಲ್ಲ.

ಐದಾರು ತಿಂಗಳಾದ ಮೇಲೆ ಬೆಳ್ಳಿ ಹಿತ್ತಲ ತಗಡಿನ ಮೇಲಿಂದ ಹಾರುವಾಗ ಉಗುರು ಸಂದಿಗೆ ಸಿಕ್ಕಿಕೊಂಡಿತು. ಒಂದು ಗಳಿಗೆ ಆ ಒಂದು ಉಗುರಿನ ಮೇಲೆ ಜೋತಾಡಿ ಕೆಳಗೆ ಬಿತ್ತು. ಉಗುರು ಬುಡಕ್ಕೆ ಮುರಿದು ನೇತಾಡುತ್ತಿತ್ತು, ರಕ್ತ ಹನಿಯುತ್ತಿತ್ತು. ನಾನು ನಮ್ಮ ಕಡೆ ಎಲ್ಲರೂ ಮಾಡುವುದನ್ನೇ ಮಾಡಿದೆ. ಅರಿಶಿಣ, ಸುಣ್ಣ ಕಲಸಿ ದಪ್ಪಗೆ ಮೆತ್ತಿ, ಅರಿವೆ ಸುತ್ತಿದೆ. ಕಿತ್ತುಕೊಂಡಷ್ಟು ಸಲವೂ ಮತ್ತೆ ಮೆತ್ತಿದೆ. ಮೂರನೇ ದಿನಕ್ಕೆ ಪಂಜ ಬದನೆಕಾಯಿಯ ಹಾಗೆ ಊದಿತು. ಬೆಳ್ಳಿ ಜೋಳದ ಚೀಲಗಳ ಹಿಂದೆ ಸೇರಿಕೊಂಡು, ಕೈ ಒಡ್ಡಿದರೆ ಗುರ್ ಅನ್ನತೊಡಗಿತು. ಹಾಲು ಬೇಡ, ನೀರು ಬೇಡ. ಸಂದಿಯಿಂದ ವಾಸನೆ ಬರತೊಡಗಿತು.

ದನದ ದವಾಖಾನೆಗೆ ಓಡಿದೆ. ಡಾಕ್ಟರು ಲಸಿಕೆ ಹಾಕಲು ಗೋಗಿ ಕಡೆಯ ಹಳ್ಳಿಗಳಿಗೆ ಹೋಗಿದ್ದರು, ಬರುವುದು ಮರುದಿನ. ಮನೆಗೆ ಬಂದರೆ ಅತ್ತೆ ಬಾಗಿಲಲ್ಲೇ ನಿಂತಿದ್ದರು.

"ಮನಿತುಂಬ ನಾತ ಹಿಡದದ. ಅದು ಉಳಿಯಂಗಿಲ್ಲ. ಸಂಜಿಗಿ ಆಳಿನ ಕೈಲೆ ಚೀಲದಾಗ ಹಾಕಿ ಹೊಲಕ್ಕ ಕಳಸ್ತೀನಿ. ಇಲ್ಲೇ ಸತ್ರ ಪಾಪ ನಮಗ ಸುತ್ಗೋತದ."

ಹೊಲದಲ್ಲಿ ನಾಯಿಗಳಿದ್ದವು. ಮೂರೇ ಕಾಲಲ್ಲಿ ಕುಂಟುವ ಬೆಕ್ಕು ಅಲ್ಲಿ ಎಷ್ಟು ಹೊತ್ತು ಉಳಿದೀತು? ಗೋಡೆಗೆ ಓಡಿಹೋಗಿ "ಚಾಚಾ, ಬರ್ರಿ, ಲಗೂನ ಬರ್ರಿ!" ಎಂದು ಕೂಗಿಕೊಂಡೆ. ಅವರು ನಮಾಜು ಮುಗಿಸಿ ಟೋಪಿ ಮಡಚುತ್ತಿದ್ದರು. ಕೇಳಿಸಿಕೊಂಡು, ತಮ್ಮ ಎರಡೂ ಅಂಗೈಗಳನ್ನು ಒಮ್ಮೆ ನೋಡಿಕೊಂಡರು.

"ಇವು ಎತ್ತಿನ ಕೈ, ಬೇಟಿ. ಬೆಕ್ಕಿನ ಕಾಲು ಹಿಡದಿಲ್ಲ ನಾ. ಆದ್ರ ಉಗುರು ಉಗುರ ಅಲ್ಲ? ನೋಡೂಣು."

ಅವರು ಬಾಕನ್ನು ಕಲ್ಲಿಗೆ ಮಸೆದು, ಕುದಿಯುವ ನೀರಲ್ಲಿ ಅದ್ದಿದರು. ಖಾಲಿ ಚೀಲವೊಂದನ್ನು ಬೆಳ್ಳಿಯ ಮೇಲೆ ಮೆಲ್ಲಗೆ ಚೆಲ್ಲಿ, ಕೂಸಿನ ಹಾಗೆ ಸುತ್ತಿ, ತಲೆ ಮತ್ತು ಊದಿದ ಕಾಲು ಮಾತ್ರ ಹೊರಗೆ ಬಿಟ್ಟು ನನ್ನ ತೊಡೆಯ ಮೇಲಿಟ್ಟರು. "ಗಟ್ಟಿ ಹಿಡಿ, ಹಿಚಕಬ್ಯಾಡ" ಅಂದರು. ಬೆಳ್ಳಿಯ ಎದೆ ನನ್ನ ಅಂಗೈಯಲ್ಲಿ ಡವಡವ ಬಡಿಯುತ್ತಿತ್ತು. ಅತ್ತೆ ಉಗುರುಬೆಚ್ಚಗಿನ ಉಪ್ಪುನೀರಿನ ತಂಬಿಗೆ ಹಿಡಿದು ಪಕ್ಕದಲ್ಲೇ ನಿಂತರು, ಎಷ್ಟೆಂದರೂ ಕುತೂಹಲ. ಚಾಚಾ ಒಣಗಿ ಗಟ್ಟಿಯಾಗಿದ್ದ ಅರಿಶಿಣವನ್ನು ನೀರು ಬಿಟ್ಟು ಬಿಟ್ಟು ನೆನೆಸಿ ಕಳಚುತ್ತಾ ಹೋದರು. ಪಂಜ ಬಿಳಿಯಾಯಿತು. ಅದರ ಮೇಲೆ, ಮಣಿಕಟ್ಟಿನ ಹತ್ತಿರ ಕೂದಲು ಸರಿಸಿದರು. ಅವರ ಬೆರಳು ಅಲ್ಲೇ ನಿಂತಿತು.

ನಾನೂ ನೋಡಿದೆ. ಮಾಂಸದೊಳಗೆ ಹೂತ ಒಂದು ಕಪ್ಪು ಗೆರೆ. ಅದರಲ್ಲೊಂದು ಕಡೆ, ಕೆಂಪು ಎಳೆ.

ಅತ್ತೆ ಒಂದಿಷ್ಟು ಬಗ್ಗಿ ನೋಡಿದ್ದರೆ ಸಾಕಿತ್ತು. ಆ ದಾರ ಅವರು ಬರಿಗಾಲಲ್ಲಿ ಹೋಗಿ ತಂದದ್ದು. ಅದನ್ನು ನಾನು ಬೆಕ್ಕಿಗೆ ಕಟ್ಟಿದ್ದೆ. ಮಕ್ಕಳೇ ಬೇಡವಾಗಿ ಹೀಗೆ ಮಾಡಿದಳು ಅನ್ನುತ್ತಿದ್ದರು. ನನ್ನನ್ನೂ ತವರಿಗೆ ಕಳಿಸುತ್ತಿದ್ದರು, ಬೆಳ್ಳಿಯನ್ನೂ ಉಳಿಸುತ್ತಿರಲಿಲ್ಲ. ಚಾಚಾ ತಲೆಯೆತ್ತಿ ನನ್ನ ಬರಿ ರಟ್ಟೆಯನ್ನು ನೋಡಿದರು, ಆಮೇಲೆ ನನ್ನ ಮುಖ. ಆ ದರ್ಗಾದ ದಾರ ಅವರಿಗೆ ಗೊತ್ತಿಲ್ಲದ್ದೇನಲ್ಲ. ಅಂಗೈಯನ್ನು ಆ ಕಾಲಿನ ಮೇಲೆ ಮುಚ್ಚಿಟ್ಟರು.

"ಅಕ್ಕಾರ, ನಮ್ಮ ಮನಿಗಿ ಹೋಗಿ ಪಟಿಕದ ಹರಳು ತರ್ರಿ. ಒಲಿ ಮಗ್ಗಲ ಗೂಡಿನಾಗ ಅದ. ಲಗೂ ಬರ್ರಿ, ರಕ್ತ ನಿಂದ್ರಸಾಕ ಬೇಕು."

ಅತ್ತೆ ಗೊಣಗುತ್ತಾ ಹೋದರು. ಅವರ ಚಪ್ಪಲಿಯ ಸದ್ದು ಬಾಗಿಲು ದಾಟಿದ್ದೇ ಚಾಚಾ ಬಾಕಿನ ತುದಿಯನ್ನು ದಾರದ ಕೆಳಗೆ ತೂರಿಸತೊಡಗಿದರು. ಎತ್ತಿನ ಗೊರಸನ್ನು ಸರಸರ ಕೆತ್ತುವ ಕೈ ಈಗ ಕೂದಲೆಳೆಯಷ್ಟೇ ಸರಿಯುತ್ತಿತ್ತು. ಬಾಕು ಒಂದಿಷ್ಟು ಜಾರಿದರೆ ನರ ಹೋಗುತ್ತಿತ್ತು. ಬೆಳ್ಳಿ ಕಿರುಚಿ ನನ್ನ ಹೆಬ್ಬೆರಳಿನ ಬುಡವನ್ನು ಕಚ್ಚಿ ಹಿಡಿಯಿತು, ನಾನು ಬಿಡಲಿಲ್ಲ. ಮೊದಲ ಸುತ್ತು ಟಕ್ ಅಂತು. ಎರಡನೆಯದು ಸಿಗಲಿಲ್ಲ... ಗೋಡೆಯಾಚೆ ಅತ್ತೆ ಚಾಚಿಯ ಜೊತೆ ಮಾತಾಡುವುದು ಕೇಳುತ್ತಿತ್ತು. ಮತ್ತೆ ಚಪ್ಪಲಿಯ ಸದ್ದು ಹತ್ತಿರ ಬಂತು. ಅಷ್ಟರಲ್ಲಿ ಎರಡನೆಯ ಸುತ್ತೂ ತುಂಡಾಯಿತು. ಕೀವು ಹರಿಯಿತು. ಚಾಚಾ ಹಸಿ ದಾರವನ್ನು ಎಳೆದು ತೆಗೆದು, ಮುಷ್ಟಿಯಲ್ಲಿ ಹಿಡಿದು ಅಂಗಿಯ ಜೇಬಿಗೆ ಹಾಕಿಕೊಂಡರು.

ಆಮೇಲೆ ಉಗುರು. ಪಂಜವನ್ನು ಮೇಲೆ ಕೆಳಗೆ ಮೆತ್ತಗೆ ಒತ್ತಿದಾಗ ಮುರಿದ ತುಂಡು ಹೊರಗೆ ಬಂತು. ತೊಗಲಿಗಷ್ಟೇ ಅಂಟಿದ್ದ ಅದನ್ನು ಸಣ್ಣ ಇಕ್ಕಳದಿಂದ ಒಂದೇ ಸಲಕ್ಕೆ ತೆಗೆದು, ಅತ್ತೆ ತಂದ ಪಟಿಕವನ್ನು ಪುಡಿ ಮಾಡಿ ಒತ್ತಿ ಹಿಡಿದರು. ರಕ್ತ ನಿಂತಿತು.

"ಏನಾಗಿತ್ತು?" ಅತ್ತೆ ಕೇಳಿದರು.

"ಉಗುರು ಮುರದಿತ್ತು ಅಕ್ಕಾರ, ಅಷ್ಟ. ಹೊಲಕ್ಕ ಕಳಸಬ್ಯಾಡ್ರಿ, ಉಳೀತದ."

ಹೋಗುವಾಗ ನನ್ನೊಬ್ಬಳಿಗೇ ಕೇಳುವಂತೆ ಬೈದರು. "ಮ್ಯಾಲ ಮೆತ್ತಿಕೋತ ಕುಂತ್ರ ಒಳಗೇನ್ ನಡದದ ಹ್ಯಾಂಗ ತಿಳೀತದ? ಬಿಚ್ಚಿ ನೋಡ್ಬೇಕು, ಬೇಟಿ. ನಾಳಿಗಿ ಡಾಕ್ಟ್ರ ಕಡಿಂದ ಇಂಜೆಕ್ಷನ್ ಮಾಡಸು. ನಿನ್ನ ಕೈಗೂ." ದಾರದ ಬಗ್ಗೆ ಅವತ್ತು ಕೇಳಲಿಲ್ಲ, ಮುಂದೆಂದೂ ಕೇಳಲಿಲ್ಲ.

ಬೆಳ್ಳಿ ಉಳಿಯಿತು. ಹನ್ನೊಂದು ವರ್ಷ ಬಾಳಿತು, ಒಂದು ಉಗುರು ಕಡಿಮೆ, ಅಷ್ಟೇ. ಮುಂದಿನ ವರ್ಷ ನನಗೆ ಮಗಳು ಹುಟ್ಟಿದಳು, ಯಾವ ದಾರವೂ ಇಲ್ಲದೆ. ಚಾಚಾಗೆ ಥ್ಯಾಂಕ್ಸ್ ಹೇಳಬೇಕು ಅಂದುಕೊಂಡೇ ದಿನ ಹೋದವು. ಇಷ್ಟೆಲ್ಲ ಹರಟುವ ಬಾಯಿಗೆ ಅದೊಂದು ಮಾತು ಬರಲಿಲ್ಲ.

ಮಗಳು ನಡೆಯಲು ಕಲಿತ ವರ್ಷ, ಒಂದು ಬೆಳಿಗ್ಗೆ ಚಾಚಾ ತಮ್ಮ ಕಟ್ಟೆಯ ಮೇಲೆ ಕುಳಿತಿದ್ದರು. ಬಲಗಾಲಿಗೆ ಅರಿವೆ ಸುತ್ತಿತ್ತು, ಅಂಚಿನಲ್ಲಿ ಅರಿಶಿಣದ ಹಳದಿ. "ಏನಾತ್ರಿ ಚಾಚಾ?" ಅಂದೆ.

"ಏನಿಲ್ಲ ಬೇಟಿ, ನಾಲದ ಮೊಳಿ ಚುಚ್ಚದ."

ಅವರಿಗೆ ಸಕ್ಕರೆ ಕಾಯಿಲೆ ಇದ್ದದ್ದು ನನಗೆ ಗೊತ್ತಿತ್ತು. ಗಾಳಿ ಈ ಕಡೆ ಬೀಸಿದಾಗ ಆ ವಾಸನೆಯೂ ಬಂತು. ಅರಿಶಿಣ, ಅದರಡಿಗೆ ಇನ್ನೊಂದು. ಜೋಳದ ಚೀಲದ ಸಂದಿಯ ವಾಸನೆ ಅದು, ಗುರುತು ಸಿಕ್ಕಿತು. ಆದರೂ ದೊಡ್ಡವರು, ಗಾಯದ ಬಗ್ಗೆ ಅವರಿಗೆ ತಿಳಿಯದ್ದು ನನಗೇನು ತಿಳಿದೀತು ಅಂದುಕೊಂಡೆ. "ದವಾಖಾನಿಗಿ ತೋರಸ್ರಿ" ಎಂದು ಒಂದು ಮಾತು ಎಸೆದು, ಒಲೆಯ ಮೇಲಿನ ರೊಟ್ಟಿ ಸುಡುತ್ತದೆಂದು ಒಳಗೆ ಹೋದೆ. ಎಂಟು ದಿನಕ್ಕೆ ಅವರನ್ನು ಜೀಪಿನಲ್ಲಿ ಕಲಬುರಗಿಗೆ ಒಯ್ದರು. ಮೊಣಕಾಲಿನ ತನಕ ಕಾಲು ತೆಗೆದರಂತೆ. ಮನೆಗೆ ಜೀವಂತ ಬರಲಿಲ್ಲ...

ಮೊನ್ನೆ ದಾರ ಕಟ್ಟುವಾಗ ಬೀಗತಿ "ಇನ್ನಾ ಬಿಗಿ ಮಾಡ್ರಿ, ಬಿದ್ದೋಗ್ತದ" ಅಂದರು. "ಬಿದ್ರ ಬೀಳಲಿ ಬಿಡ್ರಿ" ಅಂದೆ. ಎರಡು ಬೆರಳು ಆಡುವಷ್ಟು ಸಡಿಲ ಬಿಟ್ಟು ಕಟ್ಟಿದೆ. ಅಂದಿನಿಂದ ದಿನಾ ಸಂಜೆ ಕೂಸಿನ ಕಾಲು ಹಿಡಿದು, ದಾರ ಬಿಚ್ಚಿ, ಸುತ್ತಲೂ ನೋಡಿ, ಮತ್ತೆ ಕಟ್ಟುತ್ತೇನೆ. ಮಗಳು ನಗುತ್ತಾಳೆ.

"ಏನೂ ಆಗಿಲ್ಲಬೇ ಯವ್ವಾ, ದಿನಾ ಏನ್ ನೋಡ್ತಿ?"

"ಗೊತ್ತದ. ಆದ್ರೂ ಬಿಚ್ಚಿ ನೋಡ್ಬೇಕು" ಅನ್ನುತ್ತೇನೆ.

ಅವತ್ತು ಗೋಡೆ ಹತ್ತಿ ಇಳಿದು, ಚಾಚಾನ ಕಾಲ ಬುಡದಲ್ಲಿ ಕುಳಿತು ಹೇಳಬೇಕಿದ್ದದ್ದು ಇದೇ ಮಾತು.