ದಾಕ್ಷಾಯಣಿಯ ಮಣಿಕಟ್ಟು

ಹೊಸಮನೆ ಬಡಾವಣೆಯಲ್ಲಿ ನಮ್ಮ ಮನೆಗೂ ದಾಕ್ಷಾಯಣಿಯ ಮನೆಗೂ ನಡುವೆ ಒಂದೇ ಗೋಡೆ. ಗಂಡ ವೀರಪ್ಪ ತೀರಿಕೊಂಡ ಮೇಲೆ ಅವಳು ಮದುವೆ, ಗೃಹಪ್ರವೇಶ ಎಂದು ಹೇಳಿಕಳಿಸಿದವರಿಗೆ ಹೋಳಿಗೆ ಮಾಡಿಕೊಟ್ಟು ಬದುಕಿದವಳು. ಈಗ ಅರವತ್ತೊಂದು ವರ್ಷ. ಮಾತು ಕಡಿಮೆ. ಅವಳು ಒಂದು ಮಾತಾಡಬೇಕಾದರೆ ನಾವು ಎರಡು ಲೋಟ ಕಾಫಿ ಕುಡಿದು ಸುಮ್ಮನೆ ಕೂತಿರಬೇಕು.

ಕಳೆದ ಬೇಸಿಗೆಯಲ್ಲಿ ಅವಳ ಹಿತ್ತಲಲ್ಲಿ ಬಟ್ಟೆ ಒಗೆಯುವ ಕಲ್ಲಿನ ಹಿಂದೆ ಒಂದು ಬೆಕ್ಕು ಮರಿ ಹಾಕಿತು. ಹತ್ತು ದಿನ ಕಳೆಯುವುದರೊಳಗೆ ತಾಯಿ ಆಟೋದಡಿ ಸಿಕ್ಕಿ ಸತ್ತಿತು. ಉಳಿದದ್ದು ಒಂದೇ ಮರಿ, ಆಗಷ್ಟೇ ಕಣ್ಣು ಬಿಡುತ್ತಿತ್ತು. ದಾಕ್ಷಾಯಣಿ ಅದನ್ನು ಎಡತೋಳಿನಲ್ಲಿ ಮಲಗಿಸಿಕೊಂಡು, ದೀಪದ ಬತ್ತಿಯನ್ನು ಹಾಲಿನಲ್ಲಿ ಅದ್ದಿ ಬಾಯಿಗಿಟ್ಟಳು. ಹಾಲು ಮಣಿಕಟ್ಟಿನ ಮೇಲೆ ಇಳಿಯುತ್ತಿತ್ತು, ಮರಿ ಅದನ್ನೂ ನೆಕ್ಕುತ್ತಿತ್ತು. ಬಣ್ಣ ಬೂದು, ಹಾಗಾಗಿ ಬೂದಿ ಎಂದೇ ಹೆಸರಾಯಿತು.

ಬೂದಿ ತಟ್ಟೆಯಲ್ಲಿ ತಿನ್ನಲು ಕಲಿತ ಮೇಲೂ ನೆಕ್ಕುವುದನ್ನು ಬಿಡಲಿಲ್ಲ. ಅದೇ ಎಡಗೈ, ಅದೇ ಜಾಗ. ಮುಂಗಾಲಿನಿಂದ ಒತ್ತುತ್ತಾ, ಕಣ್ಣು ಮುಚ್ಚಿಕೊಂಡು ನೆಕ್ಕೇ ನೆಕ್ಕುತ್ತಿತ್ತು. ಯಾರಿಗೂ ತೊಂದರೆ ಇರಲಿಲ್ಲ. ಆದರೆ ಒಂದು ದಿನ ಹೋಳಿಗೆ ಮಗುಚುವಾಗ ಕಾದ ಕಾವಲಿಯ ಅಂಚು ಸರಿಯಾಗಿ ಆ ಜಾಗಕ್ಕೇ ತಗುಲಿತು.

ಅವಳಿಗೆ ಸಕ್ಕರೆ ಕಾಯಿಲೆ. ಗಾಯ ಬೇಗ ಒಣಗುವುದಿಲ್ಲ. ಬೆಕ್ಕಿನ ನಾಲಿಗೆಯೋ, ಕಾಯಿ ತುರಿಯುವ ಮಣೆಯ ಹಲ್ಲಿನ ಹಾಗೆ ಒರಟು. ಬಟ್ಟೆ ಕಟ್ಟಿದರೆ ಅದರ ಅಂಚು ಹಿಡಿದು ಎಳೆಯುತ್ತಿತ್ತು. ಕಟ್ಟಿಕೊಂಡ ಹಕ್ಕಳೆ ಕಿತ್ತು ಬಂದು ಕೀವಾಯಿತು. ಡಾಕ್ಟರು ನೋಡಿ, "ಹದಿನೈದು ದಿನ ಟೈಮ್ ಕೊಡ್ತೀನಿ ಅಮ್ಮಾ. ಒಣಗದಿದ್ರೆ ಕೈಗೇ ಕಷ್ಟ. ಮರಿ ಬೇಕೋ ಕೈ ಬೇಕೋ ನೀವೇ ನೋಡಿ" ಎಂದರಂತೆ.

"ಕೈ ಹೋದ್ರೆ ಯಾರು ಹೋಳಿಗೆ ತಟ್ಟೋರು? ಬೇವಿನ ಸೊಪ್ಪು ಅರೆದು ಗಾಯದ ಸುತ್ತ ಹಚ್ಚೇ ಮಾರಾಯ್ತಿ. ಒಂದ್ಸಲ ಕಹಿ ತಾಗಿದ್ರೆ ಅದು ಹತ್ರ ಬರಲ್ಲ" ಎಂದು ನಾನೇ ಹೇಳಿದೆ. ಹೇಳುವುದಷ್ಟೇ ಅಲ್ಲ, ಎದುರು ಮನೆಯ ಮರದಿಂದ ಸೊಪ್ಪು ತಂದು ನಾನೇ ಅರೆದುಕೊಟ್ಟೆ. ಅವಳು ಬಟ್ಟಲನ್ನು ನೋಡಿದಳೇ ಹೊರತು ಬೇಡ ಎನ್ನಲಿಲ್ಲ.

ಸಂಜೆ ಹೋಗಿ ನೋಡಿದರೆ ನಲ್ಲಿಯ ಕೆಳಗೆ ಕೈ ಹಿಡಿದುಕೊಂಡು ತೊಳೆಯುತ್ತಲೇ ಇದ್ದಳು.

"ಸೀತಕ್ಕಾ, ಅದು ಬಾಯಿ ಇಟ್ತು. ಹಿಂದಕ್ಕೆ ಸರಿದು ನನ್ನ ಮುಖ ನೋಡ್ತು."

"ಕಹಿ ಅಲ್ವೇನೇ, ನೋಡ್ದೆ ಇನ್ನೇನು ಮಾಡುತ್ತೆ?"

"ಅಲ್ಲ ಸೀತಕ್ಕ. ಹೀಗೆ ನೋಡಿದ್ದನ್ನ ನಾನು ಮೊದಲೂ ಒಂದ್ಸಲ ಕಂಡಿದೀನಿ."

ನಾನು ಕೂತೆ. ಕಾಫಿಯೂ ಇಲ್ಲದೆ ಅವಳು ಹೇಳಿದಳು.

ಭದ್ರಾವತಿಯಲ್ಲಿ ಭಾವ ಷಣ್ಮುಖಪ್ಪನವರಿಗೂ ಓರಗಿತ್ತಿ ಜಗದಾಂಬಾಗೂ ಮಕ್ಕಳಿರಲಿಲ್ಲ. ದಾಕ್ಷಾಯಣಿಗೆ ಹೆಣ್ಣುಮಗುವಾಯಿತು. "ನಿನಗಿನ್ನೂ ವಯಸ್ಸಿದೆ, ಇನ್ನೊಂದು ಆಗುತ್ತೆ. ಇದನ್ನ ದೊಡ್ಡವಳ ಮಡಿಲಿಗೆ ಹಾಕು" ಎಂದು ಅತ್ತೆ ತೀರ್ಮಾನಿಸಿದರು. ಮನೆಯೊಳಗೇ ಮಗು ಕೊಡುವುದು ಆಗ ಹೊಸದೇನಲ್ಲ. ಹಾಲು ಬಿಡಿಸದೆ ಕೊಡುವ ಹಾಗಿರಲಿಲ್ಲ. ಏಳು ತಿಂಗಳ ಕೂಸು. ಅತ್ತೆಯೇ ಬೇವು ಅರೆದು ಇವಳ ಎದೆಗೆ ಹಚ್ಚಿದರು. ಕೂಸು ಬಾಯಿ ಇಟ್ಟು, ಸರಿದು, ತಾಯಿಯ ಮುಖ ನೋಡಿತಂತೆ. ಅಳಲೂ ಇಲ್ಲವಂತೆ, ಬರೀ ನೋಡಿತಂತೆ.

ಇನ್ನೊಂದು ಮಗು ಆಗಲಿಲ್ಲ. ಜಗದಾಂಬಾ ಇರುವ ತನಕ ಮಗಳಿಗೆ ನಿಜ ಹೇಳುವುದಿಲ್ಲ ಎಂದು ದಾಕ್ಷಾಯಣಿ ಕೊರಳ ಲಿಂಗ ಮುಟ್ಟಿ ಮಾತು ಕೊಟ್ಟಿದ್ದಳು. ಆ ಕೂಸೇ ಶೀತಲ್. ಹಬ್ಬಕ್ಕೆ ಬಂದಾಗಲೆಲ್ಲ ಇವಳನ್ನು ಚಿಕ್ಕಮ್ಮ ಎಂದು ಕರೆಯುವ ಶೀತಲ್‌ಳನ್ನು ಎಷ್ಟೋ ಸಲ ನೋಡಿದ್ದ ನನಗೂ ಗೊತ್ತಿರಲಿಲ್ಲ. ಬೇವು ಅರೆದ ನನ್ನ ಬೆರಳನ್ನು ಸೆರಗಿನಲ್ಲಿ ಒರೆಸಿಕೊಂಡೆ.

ಮರುದಿನ ಸವಳಂಗ ರಸ್ತೆಯಲ್ಲಿರುವ ಪ್ರಾಣಿಗಳ ಡಾಕ್ಟರ ಹತ್ತಿರ ಮರಿಯನ್ನು ಚೀಲದಲ್ಲಿ ಹಾಕಿಕೊಂಡು ಹೋದೆವು. ಚಿಕ್ಕ ವಯಸ್ಸಿನ ಹೆಣ್ಣುಮಗಳು. "ಹಾಲು ಬೇಗ ತಪ್ಪಿದ ಮರಿಗಳು ಹೀಗೇ ಅಜ್ಜಿ. ನಿಮ್ಮ ಕೈಯನ್ನೇ ತಾಯಿ ಅಂದ್ಕೊಂಡಿದೆ. ಹೊಡೀಬೇಡಿ, ಕೂಗಬೇಡಿ. ನೆಕ್ಕೋಕೆ ಶುರು ಮಾಡಿದ ತಕ್ಷಣ ಮೆಲ್ಲಗೆ ಕೈ ತಕ್ಕೊಂಡು ಎದ್ದುಹೋಗಿ. ಒಂದು ಉಣ್ಣೆ ಬಟ್ಟೆ ಕೊಡಿ. ಆಟ ಆಡಿಸಿ, ಹೊತ್ತು ಹೊತ್ತಿಗೆ ಊಟ ಹಾಕಿ. ದಿನಾ ಒಂದೇ ಥರ ಇರಬೇಕು, ಒಂದ್ಸಲ ಬಿಟ್ಟು ಒಂದ್ಸಲ ತಡೆದ್ರೆ ಅದಕ್ಕೆ ಅರ್ಥ ಆಗಲ್ಲ" ಎಂದಳು.

ವೀರಪ್ಪನ ಹಳೇ ಮಫ್ಲರ್ ಬೂದಿಗೆ ಸಿಕ್ಕಿತು. ದಾರಕ್ಕೆ ಕಾಗದ ಕಟ್ಟಿ ನಾನೂ ಆಡಿಸಿದೆ. ಹಗಲೆಲ್ಲ ಮರಿ ಮಫ್ಲರನ್ನೇ ನೆಕ್ಕಿಕೊಂಡಿರುತ್ತಿತ್ತು. ಆದರೂ ಗಾಯ ಹಸಿಯಾಗೇ ಇತ್ತು. ಡಾಕ್ಟರ ಗಡುವಿನ ಹನ್ನೆರಡನೇ ದಿನ ಮಧ್ಯಾಹ್ನ ಮೊಸರು ಕೇಳಲು ಹೋದಾಗ ಕಂಡೆ: ದಾಕ್ಷಾಯಣಿ ಗೋಡೆಗೊರಗಿ ಕೂತಿದ್ದಾಳೆ, ಪಟ್ಟಿ ಬಿಚ್ಚಿ ಪಕ್ಕದಲ್ಲಿಟ್ಟಿದ್ದಾಳೆ, ಬೂದಿ ಮಣಿಕಟ್ಟು ನೆಕ್ಕುತ್ತಿದೆ. ನೋವಿಗೆ ಅವಳು ಹಲ್ಲು ಕಚ್ಚಿ ಹಿಡಿದಿದ್ದಾಳೆ.

"ಏನೇ ಇದು!" ಎಂದೆ.

"ಒಂದು ಸಲ ತಪ್ಪಿಸಿದ್ದು ಸಾಕು ಸೀತಕ್ಕ. ಇನ್ನೊಂದು ಸಲ ನನ್ನ ಕೈಲಿ ಆಗಲ್ಲ."

ಅವಳ ಕೈಯಲ್ಲಿ ಆಗದ್ದನ್ನು ನಾನು ಮಾಡಿದೆ. ಶೀತಲ್‌ಗೆ ಫೋನು ಮಾಡಿದೆ. ಅವಳು ಭಾನುವಾರವೇ ತರಕಾರಿ ಬುಟ್ಟಿ ಹಿಡಿದು ಬಂದಳು.

"ಬೆಕ್ಕಿಗೋಸ್ಕರ ಕೈ ಕಳ್ಕೊಳ್ಳೋರನ್ನ ನಾನೆಲ್ಲೂ ನೋಡಿಲ್ಲ ಚಿಕ್ಕಮ್ಮಾ! ಕೊಡು, ನಾನು ಸಾಕ್ತೀನಿ. ಅಮ್ಮಂಗೂ ಹೊತ್ತು ಹೋಗುತ್ತೆ."

ದಾಕ್ಷಾಯಣಿ ಮಫ್ಲರನ್ನು ಬುಟ್ಟಿಗೆ ಹಾಸಿದಳು. "ನೆಕ್ಕಿದ್ರೆ ಕೈ ಝಾಡಿಸ್ಬೇಡ. ಮೆಲ್ಲಗೆ ತಕ್ಕೋ. ಕಹಿ ಗಿಹಿ ಏನೂ ಹಚ್ಚಬೇಡ. ಹಸಿವಾದ್ರೆ ಕೂಗಲ್ಲ, ಸುಮ್ನೆ ಬಂದು ಕೂತ್ಕೊಳುತ್ತೆ, ನೀನೇ ನೋಡ್ಕೊಂಡು ಹಾಕ್ಬೇಕು."

"ಅಬ್ಬಬ್ಬಾ, ಹೆತ್ತ ಮಗೂನ ಕೊಟ್ಟ ಹಾಗೆ ಹೇಳ್ತೀಯಲ್ಲ!" ಎಂದು ಶೀತಲ್ ನಕ್ಕಳು.

ನಾನು ಹಾಲು ಉಕ್ಕೀತು ಎಂದು ಒಳಗೆ ಹೋದೆ. ಒಲೆಯ ಮೇಲೆ ಹಾಲು ಇರಲಿಲ್ಲ.

ವಾರದ ಮೇಲೆ ಶೀತಲ್ ಫೋನು ಮಾಡಿದಳು. ಮೊದಲ ಎರಡು ದಿನ ಬಾಗಿಲಲ್ಲಿ ಕೂತು ಕೂಗಿತಂತೆ, ಈಗ ನೆಕ್ಕುವುದನ್ನು ಬಿಟ್ಟು ಜಗದಾಂಬಾಳ ಮಡಿಲಲ್ಲೇ ಮಲಗುತ್ತದಂತೆ. "ಒಳ್ಳೇದಾಯ್ತಮ್ಮ" ಎಂದಳು ದಾಕ್ಷಾಯಣಿ. ಡಾಕ್ಟರ ಗಡುವು ಮೀರಿದರೂ ಆಮೇಲಿನ ಇಪ್ಪತ್ತು ದಿನದಲ್ಲಿ ಗಾಯ ಒಣಗಿತು. ಕೈ ಮೊದಲಿನ ಹಾಗೇ ಆಡುತ್ತದೆ, ಹೋಳಿಗೆಯೂ ತಟ್ಟುತ್ತಾಳೆ.

"ಒಂದ್ಸಲ ಹೋಗಿ ನೋಡ್ಕೊಂಡು ಬಾರೇ, ಭದ್ರಾವತಿ ಏನು ದೂರಾನಾ?" ಎಂದೆ ಮೊನ್ನೆ.

"ಬೇಡ. ಹೊಂದ್ಕೊಂಡಿದೆ. ನನ್ನ ನೋಡಿದ್ರೆ ಮತ್ತೆ ಕೂಗುತ್ತೆ" ಎಂದಳು. ಕಣಕ ನಾದಿ, ಎಣ್ಣೆ ಸವರಿ ಮುಚ್ಚಿಟ್ಟಳು. ಆಮೇಲೆ ತನಗೇ ಹೇಳಿಕೊಂಡ ಹಾಗೆ ಅಂದಳು: "ಕೂಗ್ದೇ ಇದ್ರೆ ಏನ್ಮಾಡ್ಲಿ ಸೀತಕ್ಕ?"