ಆರದ ಕಾಫಿ
ಶಿಶುವಿಹಾರದ ಆಯಮ್ಮ ದಿನಕ್ಕೆ ನಲವತ್ತು ಲೋಟ ಕಾಫಿ ಕುಡಿಯುತ್ತಾಳೆ. ಒಂದರಲ್ಲೂ ಹನಿ ಕಾಫಿ ಇರುವುದಿಲ್ಲ. ಮಕ್ಕಳು ಆಟದ ಒಲೆಯ ಮೇಲೆ ಕಾಸಿ ತಂದ ಪ್ಲಾಸ್ಟಿಕ್ ಲೋಟವನ್ನು ಉಫ್ ಉಫ್ ಎಂದು ಊದಿ, ಸೊರ್ರೆಂದು ಹೀರಿ, "ಅಯ್ಯಯ್ಯೋ, ನಾಲಿಗೆ ಸುಟ್ಟೋಯ್ತು! ಸಕ್ಕರೆ ಹಾಕೋದು ಮರೆತ್ಯೇನೇ?" ಎಂದು ಗದರುತ್ತಾಳೆ. ಸಂಜೆ ಅಷ್ಟನ್ನೂ ಸೋಪು ಹಾಕಿ ತಿಕ್ಕುವುದನ್ನು ಕಂಡು ಹೊಸ ಟೀಚರ್ ನಕ್ಕರೆ, "ತಳದಲ್ಲಿ ಗಸಿ ನಿಂತಿದೆ, ಕಾಣಲ್ವಾ?" ಎನ್ನುತ್ತಾಳೆ. ಕಿಟಕಿಯಲ್ಲಿರುವ ಹಳದಿ ಲೋಟವನ್ನು ಮಾತ್ರ ಅವಳು ತೊಳೆಯುವುದಿಲ್ಲ. ಎರಡು ಜಡೆಯ ಹುಡುಗಿಯೊಬ್ಬಳು ಅದನ್ನು ತಂದ ದಿನ ಆಯಮ್ಮನಿಗೆ ಕೈತುಂಬ ಕೆಲಸವಿತ್ತು. "ಅಲ್ಲಿಡು ಪುಟ್ಟಿ, ಆರಲಿ, ಆಮೇಲೆ ಕುಡೀತೀನಿ" ಎಂದುಬಿಟ್ಟಿದ್ದಳು. ಮರುದಿನ ಹುಡುಗಿ ಬರಲಿಲ್ಲ; ಜ್ವರಕ್ಕೆ ಮಗು ಉಳಿಯಲಿಲ್ಲ. ಈಗ ಯಾವ ಮಗು ಆ ಲೋಟಕ್ಕೆ ಕೈಚಾಚಿದರೂ ಆಯಮ್ಮ ಓಡಿಬರುತ್ತಾಳೆ: "ಮುಟ್ಬೇಡ ಕಂದಾ, ಇನ್ನೂ ಬಿಸಿ ಇದೆ."